ವಿಚಾರಿಸಿ ಆದ ಮದುವೆ

ಗಂಡಿನ ಊರಿಗೆ ಹೋಗಿ ನಾಲ್ಕು ಜನರ ಹತ್ತಿರ ವಿಚಾರಿಸಿಕೊಂಡು ಬರಲು ಚಂದ್ರಿಕಾಗೆ ಅಪ್ಪ ಇರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ಹಾಗಾಗಿ ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ ತನ್ನ ಮಂಚದ ಮೇಲೆ ಕೂತು, ಫೋನಿನಲ್ಲಿದ್ದ ಎಐಗೆ ಅವನ ಹೆಸರು, ಊರು, ಕೆಲಸ ಕೊಟ್ಟು, ನಂಬಬಹುದಾ ಹುಡುಕಿ ಹೇಳು ಎಂದಳು. ಅದು ಕೋರ್ಟಿನ ಕಡತ, ಪತ್ರಿಕೆ, ಫೇಸ್‌ಬುಕ್ಕು ಎಲ್ಲ ಜಾಲಾಡಿತು. ಕೇಸಿಲ್ಲ, ದೂರಿಲ್ಲ, ಹಿಂದೆ ಮದುವೆಯಾದ ಸುಳಿವಿಲ್ಲ ಎಂದಿತು.

“ನಮ್ಮಪ್ಪ ಆಗಿದ್ರೆ ಅವನೂರಿನ ಟೀ ಅಂಗಡೀಲಿ ಅರ್ಧ ದಿನ ಕೂತು ಬರೋರು ಕಣೇ,” ಎಂದಳು ರೂಮಿನ ಗೆಳತಿ ಹೇಮಾವತಿ.

“ನಿಮ್ಮಪ್ಪಂಗೆ ಅಷ್ಟೊಂದು ಟೀ ಯಾಕೆ ಖರ್ಚು? ಇದು ಕೂತಲ್ಲೇ ಹೇಳ್ತು,” ಎಂದು ಚಂದ್ರಿಕಾ ನಕ್ಕಳು.

ಮದುವೆಯಾಯಿತು. ಮರುವಾರ ಗಂಡನಿಗೆ ಕಾಫಿ ಕೊಡುತ್ತಾ ಅಳುಕುತ್ತಲೇ ಹೇಳಿದಳು: “ಒಪ್ಕೊಳ್ಳೋಕೆ ಮುಂಚೆ ನಿಮ್ಮ ಬಗ್ಗೆ ಎಐ ಹತ್ರ ವಿಚಾರಿಸಿದ್ದೆ. ಬೇಜಾರಿಲ್ಲ ತಾನೆ?”

“ನಾನೂ ನಿನ್ನ ಬಗ್ಗೆ ವಿಚಾರಿಸಿದ್ದೆ.”

“ಹೌದಾ! ಏನಂತು?”

“ನಿನ್ನ ಕಡೆ ಕೇಳೋರು ಯಾರೂ ಇಲ್ಲ ಅಂತು. ಅದಕ್ಕೇ ಒಪ್ಕೊಂಡಿದ್ದು,” ಎಂದು ಅವಳ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ.

ಯುಗಾದಿ ಹೊತ್ತಿಗೆ ಅವಳ ಕೆಲಸ ಹೋಗಿತ್ತು, ಮುಂದಿನ ಎರಡು ಹಲ್ಲೂ ಹೋಗಿದ್ದವು.