ಬಾಣಂತಿ ಸ್ನಾನ

ಮಗಳ ಬಾಣಂತನಕ್ಕೆಂದು ಕೆನಡಾದ ಹಳ್ಳಿಯೊಂದಕ್ಕೆ ಬಂದಿದ್ದ ಪುಟ್ಟತಾಯಮ್ಮ ದಿನವೂ ಅವಳಿಗೆ ಬಕೆಟ್ಟುಗಟ್ಟಲೆ ಸುಡುನೀರು ಹುಯ್ಯುತ್ತಿದ್ದರು. ಹೊರಗೆ ಮೊಣಕಾಲುದ್ದ ಹಿಮ ಬಿದ್ದ ದಿನ ಅಳಿಯ ತಡೆದ.

"ಅತ್ತೆ, ಈ ನೀರೆಲ್ಲ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೇ ಹೋಗೋದು. ಅದು ತುಂಬಿ ಹೆಪ್ಪುಗಟ್ಟಿದ್ರೆ ನಾವೆಲ್ಲ ಎಲ್ಲಿಗೆ ಹೋಗೋಣ? ನಾಳೆಯಿಂದ ಒದ್ದೆ ಬಟ್ಟೇಲಿ ಮೈ ಒರೆಸಿದ್ರೆ ಸಾಕು."

"ಹಸಿ ಬಾಣಂತಿ, ಅಳಿಯಂದ್ರೆ. ಮೈಗೆ ಶೀತ ಹತ್ತಿದ್ರೆ ಜನ್ಮಪೂರ್ತಿ ಬಿಡಲ್ಲ."

"ಟ್ಯಾಂಕಿಗೆ ಹತ್ತಿದ್ರೂ ಬಿಡಲ್ಲ."

ಸ್ನಾನ ನಿಂತಿತು. ಸೊಂಟದ ಕೆಳಗೆ ಮರಗಟ್ಟಿದಂತಿದೆ ಎಂದಷ್ಟೇ ಹೇಳಿ ಮಗಳು ಗೋಡೆ ನೋಡುತ್ತಾ ಕೂರತೊಡಗಿದಳು.

ವಾರದೊಳಗೆ ಕಕ್ಕಸಿನ ನೀರು ಮೇಲಕ್ಕೇ ಉಕ್ಕಿತು. ರಿಪೇರಿಯವನು ಬಂದು, ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಇಂಗ್ಲಿಷಿನಲ್ಲಿ ಹೇಳಿದ: "ಬಿಸಿನೀರು ಬರೋದು ನಿಂತಿದ್ದಕ್ಕೇ ಹೆಪ್ಪುಗಟ್ಟಿದೆ. ಇವತ್ತು ಕರಗಿಸಿ ಕೊಡ್ತೀನಿ. ಮುಂದೆ ಮೊದಲಿನ ಹಾಗೇ ದಿನಾ ಸ್ನಾನ ಮಾಡ್ತಿರಿ."

ಇಂಗ್ಲಿಷ್ ಬಾರದ ಪುಟ್ಟತಾಯಮ್ಮ ಆಸೆಯಿಂದ ಕೇಳಿದರು: "ಏನಂತಾನೆ, ಅಳಿಯಂದ್ರೆ?"

ಅಳಿಯ ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಲೇ ಇದ್ದಳು.

"ನೀವು ಅಷ್ಟು ದಿನ ನೀರು ಸುರಿದಿದ್ದಕ್ಕೇ ಹೀಗಾಯ್ತಂತೆ, ಅತ್ತೆ."