ಮೊಣಕಾಲಿನಲ್ಲೊಂದು ಗುದ್ದು

ಅವನು ಗುಂಡಿ ಒತ್ತಿದ. ವಾಷಿಂಗ್ ಮಷಿನ್ನಿನ ಕೆಂಪು ದೀಪ ಮೂರು ಸಲ ಮಿಟುಕಿ ಸುಮ್ಮನಾಯಿತು. ಮತ್ತೊಮ್ಮೆ ಒತ್ತಿದ. ಮತ್ತೆ ಮೂರು ಸಲ, ಮತ್ತೆ ಸುಮ್ಮನೆ. "ಬಟ್ಟೆ ತುಂಬಿಟ್ಟಿದ್ದೀನಿ, ಸಂಜೆ ನಾನೇ ಬಂದು ಹಾಕ್ಕೋತೀನಿ. ನೀವು ಮುಟ್ಟೋಕೆ ಹೋಗ್ಬೇಡಿ, ಹಾಯಾಗಿ ಮಲಗಿ," ಎಂದು ಹೆಂಡತಿ ಕೆಲಸಕ್ಕೆ ಹೊರಡುವಾಗ ಹೇಳಿದ್ದಳು. ಮಲಗಿ ಮಲಗಿ ಅವನಿಗೆ ಬೆನ್ನು ನೋವು ಬಂದಿತ್ತು. ದೂರದ ಊರುಗಳಿಗೆ ಲಾರಿ ಓಡಿಸುವವನು. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಮನೆ. ಇವತ್ತು ಮೂರನೆಯ ದಿನ. ಇಷ್ಟು ಹೊತ್ತಿಗೂ ಈ ಮನೆಗೆ ಅವನಿಂದ ಒಂದು ಕಡ್ಡಿ ಎತ್ತಿಡುವ ಕೆಲಸವೂ ಬೇಕಾಗಿರಲಿಲ್ಲ. ಸಂಜೆ ಅವಳು ಬರುವಷ್ಟರಲ್ಲಿ ಒಗೆದ ಬಟ್ಟೆ ತಂತಿಯ ಮೇಲೆ ಇರಬೇಕು, ಅದನ್ನು ಅವಳು ನೋಡಬೇಕು. ಅಷ್ಟೇ ಅವನ ಆಸೆ.

ಪ್ಲಗ್ಗು ಕಿತ್ತು, ಅದೇ ಜಾಗಕ್ಕೆ ಇಸ್ತ್ರಿಪೆಟ್ಟಿಗೆ ಚುಚ್ಚಿ ನೋಡಿದ, ಬಿಸಿಯಾಯಿತು. ಅಂದರೆ ಕರೆಂಟು ಸಾಕಷ್ಟಿದೆ. ನಲ್ಲಿ ತಿರುಗಿಸಿದ, ನೀರಿದೆ. ಪೈಪು ಎಲ್ಲೂ ಮಡಚಿಕೊಂಡಿಲ್ಲ. ಕೆಳಗಿನ ಮುಚ್ಚಳ ತಿರುಚಿ ಜಾಲರಿ ಎಳೆದ. ಎರಡು ಲೋಟ ಕೊಳೆನೀರು ಅವನ ಪ್ಯಾಂಟಿಗೇ ಸುರಿಯಿತು. ಜಾಲರಿ ತೊಳೆದು, ಹಾಕಿ, ಪ್ಲಗ್ಗು ಚುಚ್ಚಿ, ಗುಂಡಿ ಒತ್ತಿದ. ಮೂರು ಸಲ ಮಿಟುಕಿತು.

ಹೊಸ್ತಿಲ ಮೇಲೆ ಕೂತು ಬಣ್ಣದ ಪೆನ್ಸಿಲ್ ಹೆರೆಯುತ್ತಿದ್ದ ಎಂಟು ವರ್ಷದ ಮಗಳು, "ಅಮ್ಮಂಗೆ ಫೋನ್ ಮಾಡ್ಲಾ ಅಪ್ಪಾ?" ಎಂದಳು.

"ಯಾಕೆ? ನಿಮ್ಮಪ್ಪ ನಡುದಾರೀಲಿ, ಸುತ್ತ ಒಂದು ನರಪಿಳ್ಳೆ ಇಲ್ದೇ ಇರೋ ಕಡೆ, ಲಾರಿ ಇಂಜಿನ್ನೇ ಬಿಚ್ಚಿ ಜೋಡಿಸಿದೋನು. ಇದ್ಯಾವ ಡಬ್ಬಿ!"

"ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ಸ್ಕ್ರೂಡ್ರೈವರ್ ಎಲ್ಲಿದೆ ಹೇಳು."

ಅದು ಎಲ್ಲಿದೆ ಎಂಬುದೂ ಅವಳಿಗೇ ಗೊತ್ತಿತ್ತು. ಪ್ಲಗ್ಗು ಕಿತ್ತಿಟ್ಟು ಮಷಿನ್ನಿನ ಮೇಲ್ಹಲಗೆ ಬಿಚ್ಚಿದ. ಒಂದೊಂದು ತಂತಿಯನ್ನೂ ಮುಟ್ಟಿ, ಎಳೆದು ನೋಡಿದ. ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಮುಕ್ಕಾಲು ಗಂಟೆಯ ಮೇಲೆ ಎಲ್ಲ ಮುಚ್ಚಿ, ಪ್ಲಗ್ಗು ಹಾಕಿ ಒತ್ತಿದಾಗ ಮತ್ತದೇ ಮಿಟುಕು. ಮಗಳು ಪೆನ್ಸಿಲ್ಲು ಕೆಳಗಿಟ್ಟಳು. ಒಮ್ಮೆ ಬೀದಿ ಬಾಗಿಲ ಕಡೆ ನೋಡಿ, ಏನೋ ತೀರ್ಮಾನ ಮಾಡಿದವಳಂತೆ ಎದ್ದು ಬಂದಳು.

"ಸ್ವಲ್ಪ ಸರಿಯಿರಿ."

ಗುಂಡನೆಯ ಬಾಗಿಲನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ, ಮೊಣಕಾಲಿನಲ್ಲೊಂದು ಗುದ್ದು ಕೊಟ್ಟು, ಗುಂಡಿ ಒತ್ತಿದಳು. ಟಕ್ ಎಂದಿತು. ಒಳಗೆ ನೀರು ಸುರಿಯತೊಡಗಿತು.

ಅವನು ಇಂಗು ತಿಂದ ಮಂಗನಂತೆ ನಿಂತ. "ಯಾವಾಗಿಂದ ಹೀಗೆ?"

"ಯಾವಾಗ್ಲೂ ಹೀಗೇ. ಅಮ್ಮಂಗೆ ಗೊತ್ತು, ಚಿಕ್ಕಮ್ಮಂಗೆ ಗೊತ್ತು, ಮೇಲ್ಗಡೆ ಮನೆ ಅಜ್ಜೀಗೂ ಗೊತ್ತು." ಅಪ್ಪನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು. "ಬನ್ನಿ, ಬೇರೇದೂ ತೋರಿಸ್ತೀನಿ," ಎಂದು ಅವನ ಕಿರುಬೆರಳು ಹಿಡಿದು ಹೊರಟಳು.

ಬಾಡಿಗೆಗೆ ಬಂದ ಹೊಸಬರಿಗೆ ಮನೆ ತೋರಿಸುವವರ ಹಾಗೆ ಅವಳು ಮುಂದೆ, ಅವನು ಹಿಂದೆ. ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಬಾರದು, ಸೋರುತ್ತದೆ, ಮುಕ್ಕಾಲಿಗೇ ನಿಲ್ಲಿಸಬೇಕು. ಬೀರುವಿನ ಬಾಗಿಲನ್ನು ಎಳೆಯುವ ಮೊದಲು ಒಳಕ್ಕೆ ಒತ್ತಬೇಕು. ಫ್ಯಾನು ಮೂರರಲ್ಲಿಟ್ಟರೆ ಮಾತ್ರ ತಿರುಗುತ್ತದೆ. ಬಚ್ಚಲುಮನೆಯ ಚಿಲಕ ಹಾಕಿದಂತೆ ಕಂಡರೂ ನಿಲ್ಲುವುದಿಲ್ಲ, ಹೊರಗಿನಿಂದ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ. "ಅದಕ್ಕೇ ಅಮ್ಮ ಸ್ನಾನ ಮಾಡುವಾಗ ಹಾಡ್ತಾ ಇರೋದು. ಒಳಗಡೆ ಯಾರೋ ಇದಾರೆ ಅಂತ ಗೊತ್ತಾಗ್ಬೇಕಲ್ಲ!"

ಎರಡು ಬೆಳಗೂ ಆ ಹಾಡನ್ನು ಅವನು ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕೇಳಿದ್ದ. ತಾನು ಬಂದ ಖುಷಿಗೆ ಹಾಡುತ್ತಿದ್ದಾಳೆ ಅಂದುಕೊಂಡಿದ್ದ.

"ಅಲ್ವೇ ಪುಟ್ಟಿ, ಇಷ್ಟೆಲ್ಲ ಕೆಟ್ಟಿದ್ರೂ ನಂಗ್ಯಾರೂ ಒಂದ್ಮಾತೂ ಹೇಳ್ಲೇ ಇಲ್ವಲ್ಲೇ?" ನಗುತ್ತಲೇ ಕೇಳಿದ.

ಮಗಳು ತುಟಿ ಕಚ್ಚಿಕೊಂಡಳು. "ನೀವು ಬಂದಾಗ ಏನೂ ಕೆಟ್ಟಿದೆ ಅನ್ಬಾರ್ದು ಅಂತ ಅಮ್ಮ ಹೇಳಿದಾಳೆ. 'ಪಾಪ, ಬರೋದೇ ನಾಲ್ಕು ದಿನ, ನೆಮ್ಮದಿಯಾಗಿ ಇದ್ದು ಹೋಗ್ಲಿ' ಅಂತ. ನಾನು ಹೇಳ್ದೆ ಅನ್ಬೇಡಿ ಮತ್ತೆ."

ಸ್ಕ್ರೂಡ್ರೈವರ್ ಇನ್ನೂ ಅವನ ಕೈಯಲ್ಲೇ ಇತ್ತು. ಚಿಲಕದ ಸ್ಕ್ರೂವನ್ನು ನಾಲ್ಕು ಸುತ್ತು ಬಿಗಿ ಮಾಡಿದರೆ ಸಾಕಾಗಿತ್ತು. ಬಗ್ಗಿ ಅದರ ತುದಿಯನ್ನು ಸ್ಕ್ರೂವಿನ ತಲೆಗೆ ಇಟ್ಟಿದ್ದನಷ್ಟೇ, ಜೇಬಿನಲ್ಲಿ ಫೋನು ಸದ್ದು ಮಾಡಿತು.

"ರೀ, ಮಲಗಿದ್ರಾ? ಎಬ್ಬಿಸ್ಬಿಟ್ನಾ?" ಹೆಂಡತಿಯ ದನಿ.

"ಇಲ್ಲ, ಹೇಳು."

"ಅದೇನು ಸದ್ದು? ಮಷಿನ್ ಹಾಕಿದ್ರಾ?" ಅವಳಿಗೆ ಗಾಬರಿ. "ಅದು... ಏನೂ ತೊಂದ್ರೆ ಕೊಡ್ಲಿಲ್ವಾ?"

ಅವನು ಮಗಳ ಕಡೆ ನೋಡಿದ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

"ಇಲ್ವಲ್ಲ," ಎಂದ. "ಗುಂಡಿ ಒತ್ತಿದೆ, ಶುರುವಾಯ್ತು."

ಕೊನೆಗೂ ಪಾಠ ಒಪ್ಪಿಸಿದ ದಡ್ಡ ಹುಡುಗನಿಗೆ ಮೇಷ್ಟ್ರು ತಲೆಯಾಡಿಸುವಂತೆ, ಮಗಳು ಮೆಲ್ಲಗೆ ತಲೆಯಾಡಿಸಿದಳು.