ತಿರುಗಿ ಬಂದ ಪ್ರಸಾರ

ರೇಡಿಯೊದಿಂದ ಆಕಾಶಕ್ಕೆ ಬಿಟ್ಟ ಮಾತು ಮೂವತ್ತು ವರ್ಷಕ್ಕೆ ಸರಿಯಾಗಿ ಎಲ್ಲರ ರೇಡಿಯೊಗೂ ತಿರುಗಿ ಬರುತ್ತಿತ್ತು. ಅದು ಮುಗಿದ ಮೇಲೆ ಮಾತಾಡಿದವರ ಹೆಸರು ಹೇಳುವುದು ಕಾಲೇಜು ರೇಡಿಯೊದ ಹುಡುಗರು ಮೊದಲಿಂದ ಮಾಡಿಕೊಂಡ ಕಟ್ಟಳೆ.

ಇಂದು ಪ್ರಿನ್ಸಿಪಾಲ್ ಕೊಟ್ರಯ್ಯ ಸ್ಟುಡಿಯೊ ಬಾಗಿಲಿಗೇ ಬಂದು ನಿಂತಿದ್ದರು. "ಹೆಸರು ಹೇಳಬ್ಯಾಡ. ಹಾಡು ಹಾಕು."

"ಮೂವತ್ತು ವರ್ಷದ ಹಿಂದ ಇದ ದಿನ, ಮುಷ್ಕರದಾಗ, ಇದ ಮೈಕಿನ್ಯಾಗ ಹುಡುಗರ ಪರ ಮಾತಾಡಿದ್ನಿ ಅಂತ ಸ್ಮರಣ ಸಂಚಿಕೆದಾಗ ನೀವ ಬರದೀರಿ, ಸರ್," ಎಂದಳು ಮೈಕಿನ ಮುಂದಿದ್ದ ಶಿವಲೀಲಾ.

"ನಿನ್ನ ಟಿ.ಸಿ. ನನ್ನ ಕೈಯಾಗೈತಿ."

ನಾಲ್ಕು ಗಂಟೆಗೆ ರೇಡಿಯೊದಲ್ಲಿ ಎಳೆಯ ದನಿಯೊಂದು ಬಂತು. ಮುಷ್ಕರದ ಆ ದಿನ ಊರೆಲ್ಲ ಬೀದಿಯಲ್ಲಿದ್ದುದರಿಂದ ಅದನ್ನು ಯಾರೂ ಕೇಳಿರಲಿಲ್ಲ. ಮೈಕು ಆರಿಸುವುದನ್ನು ಮರೆತು ಅದು ಪೊಲೀಸರಿಗೆ ಫೋನು ಮಾಡುತ್ತಿತ್ತು: "ಹಾಸ್ಟೆಲ್ ಅಟ್ಟದಾಗ ಮೂವರು ಅಡಗ್ಯಾರ್ರಿ." ಮೂರು ಹೆಸರನ್ನೂ ಹೇಳಿತು. ಮೂರನೆಯದು ಶಿವಲೀಲಾಳ ಅಪ್ಪನದು; ಅಂದಿನ ಲಾಠಿ ಏಟಿಗೆ ಅವನು ಕಾಲು ಕಳೆದುಕೊಂಡಿದ್ದ.

ಅವಳು ಮೈಕಿನ ಗುಂಡಿ ಒತ್ತಿದಳು. "ಇದುವರೆಗೆ ಮಾತಾಡಿದವರು ನಮ್ಮ ಪ್ರಿನ್ಸಿಪಾಲ್ ಕೊಟ್ರಯ್ಯನವರು. ಇಲ್ಲೇ ನಿಂತಿದ್ದಾರೆ. ಮೈಕು ಈಗಲೂ ಆರಿಲ್ಲ."